ಒಂದು ಸೆಂಟು ಕೆಳಗೆ

ಹೆಡತಲೆಯ ಮೇಲೆ ಪೌಡರು, ಕ್ಷೌರದವನು ಬ್ರಷ್ಷಿನಿಂದ ಒರೆಸುವಾಗ ಬಿಟ್ಟುಹೋದ ಒಂದು ಬಿಳಿ ಗೆರೆ, ಕಾಲರಿನ ಅಂಚಿಗೆ ತಾಗಿಯೂ ತಾಗದ ಹಾಗೆ, ಅದರ ಮೇಲೆ ಕೂದಲು ಸ್ಕೇಲಿಟ್ಟು ಎಳೆದಷ್ಟು ನೇರ — ಇವತ್ತೇ ಮಾಡಿಸಿಕೊಂಡಿದ್ದಾನೆ, ಈ ಸಭೆಗೆಂದೇ ಮಾಡಿಸಿಕೊಂಡಿದ್ದಾನೆ ನನ್ಮಗ, ಎಂದುಕೊಂಡ ಹರ್ಕ, ಮೊಮೊ ಅಂಗಡಿಯ ಇಕ್ಕಟ್ಟಾದ ಮರದ ಮೆಟ್ಟಿಲಲ್ಲಿ ನಿರಾಜನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಮೇಲಿಂದ ಸಾನುಮಾಯಾ ದಿದಿ ಖಾಲಿ ತಟ್ಟೆಗಳ ರಾಶಿ ಹಿಡಿದು ಇಳಿಯುತ್ತಿದ್ದಾಳೆ, ದಾರಿ ಬಿಡಬೇಕು, ನಿರಾಜ ಗೋಡೆಗೆ ಒತ್ತಿಕೊಂಡ, ಹರ್ಕನೂ ಒತ್ತಿಕೊಂಡ, ಅವನು ಹತ್ತಿದ, ಇವನೂ ಹತ್ತಿದ, ಮೂಗಿನ ನೇರಕ್ಕೆ ಮತ್ತೆ ಅದೇ ಹೆಡತಲೆ. ಎರಡು ವರ್ಷದಿಂದ ನಾನು ನೋಡುತ್ತಿರುವುದು ಇದನ್ನೇ ಅಲ್ಲವೇ, ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ಯೋಚಿಸಬೇಕು, ಹೆಡತಲೆ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ, ಬಲಗಿವಿಯ ಹಿಂದೆ ಒಂದು ಮಚ್ಚೆ, ನಡುವೆ ಸಣ್ಣ ತಗ್ಗು, ಬಿಸಿಲಿಗೆ ಕೆಂಪಾಗುವುದೇ ಇಲ್ಲ, ನೆರಳಿನಲ್ಲಿ ಬೆಳೆದ ಹೆಡತಲೆ ಅದು, ಭಾರ ಹೊತ್ತು ಗೊತ್ತಿಲ್ಲದ ಹೆಡತಲೆ, ನಮ್ಮ ಭೋಜಪುರದ ಬೆಟ್ಟದ ಕಡೆ ಇಂಥದ್ದೊಂದು ಸಿಗುವುದಿಲ್ಲ, ಅಲ್ಲಿ ಎಲ್ಲರ ಹಣೆಗೂ ಡೋಕೋ ಬುಟ್ಟಿಯ ಪಟ್ಟಿ ಬಿದ್ದು ಕುತ್ತಿಗೆ ಕೋಣನ ಕುತ್ತಿಗೆಯಾಗಿರುತ್ತದೆ, ನನ್ನದೂ ಹಾಗೇ, ಎಂಟನೇ ಕ್ಲಾಸಿಗೆ ಪುಸ್ತಕ ಮುಚ್ಚಿದ ಮೇಲೆ ಎರಡು ವರ್ಷ ಉಪ್ಪು ಹೊತ್ತ ಕುತ್ತಿಗೆ.

ಬೆಳಿಗ್ಗೆ ಎದ್ದು ದೇವರ ಮುಖ ನೋಡುವವರಿದ್ದಾರೆ, ಹರ್ಕ ನೋಡುವುದು ನಿರಾಜನ ಅಂಕಿ. ಆಫೀಸಿನ ಬೀಗ ತೆಗೆದು, ಕಂಪ್ಯೂಟರ್ ಹಚ್ಚಿ, ಚಹಾ ಇನ್ನೂ ಬಂದಿರುವುದಿಲ್ಲ, ಮಾಲೀಕ ಪೆಂಬಾ ಸಾಹುಜಿಯ ಟ್ರೆಕ್ಕಿಂಗ್ ಕಂಪನಿಗೆ ರಾತ್ರಿ ಯಾವ ದೇಶದಿಂದ ಯಾರು ಬರೆದಿದ್ದಾರೆ ಎಂದು ನೋಡುವುದಕ್ಕೂ ಮುಂಚೆ ಸರ್ಚ್ ಕಂಪನಿಯ ಆ ಪುಟ ತೆರೆಯುತ್ತಾನೆ, ಎವರೆಸ್ಟ್ ಚಾರಣ ಎಂಬ ಎರಡು ಪದಗಳ ಹರಾಜು, ನಮ್ಮ ಪ್ರವಾಸಿ ಪೇಟೆ ಥಮೇಲಿನ ಅಷ್ಟೂ ಟ್ರೆಕ್ಕಿಂಗ್ ಕಂಪನಿಗಳು ಏಣಿಯ ಮೇಲೆ ನಿಂತ ಹಾಗೆ ಸಾಲಾಗಿ, ಯಾರು ಎಷ್ಟು ಕೂಗಿದ್ದಾರೆ ಎಂಬುದು ಎಲ್ಲರಿಗೂ ಕಾಣುವ ಹಾಗೆ ಬಟಾಬಯಲಲ್ಲಿ, ಜರ್ಮನಿಯಲ್ಲೋ ಆಸ್ಟ್ರೇಲಿಯಾದಲ್ಲೋ ಕೂತ ಒಬ್ಬ ಬಿಳಿಯ ನಿನ್ನ ಸಾಲಿನ ಮೇಲೆ ಬೆರಳೊತ್ತಿದರೆ ಆ ಒತ್ತಿಗೆ ನೀನು ಸರ್ಚ್ ಕಂಪನಿಗೆ ಡಾಲರು ಸೆಂಟಿನ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಹೆಚ್ಚು ಕೂಗಿದವನು ಮೇಲೆ, ಕಡಿಮೆ ಕೂಗಿದವನು ಕೆಳಗೆ. ಮೇಲೆ ಯಾವತ್ತೂ ಸೇತೋಬಾಟೋ, ನಿರಾಜ ಕೆಲಸ ಮಾಡುವ ಕಂಪನಿ. ಅದರ ಕೆಳಗೆ ನಾನು. ಆದರೆ ಆ ಹರಾಜಿನ ಗುಟ್ಟು ಗೊತ್ತಿಲ್ಲದವರಿಗೆ ಕೆಳಗಿರುವುದು ಸೋಲು, ಗೊತ್ತಿದ್ದವನಿಗೆ ಅದು ಮೇಲಿನವನ ಕುತ್ತಿಗೆಗೆ ಹಾಕುವ ಉರುಳು — ಮೇಲಿರುವವನು ಎಷ್ಟೇ ಕೂಗಿರಲಿ, ಅವನು ಕೊಡಬೇಕಾದದ್ದು ತನ್ನ ಕೆಳಗಿನವನಿಗಿಂತ ಒಂದು ಸೆಂಟು ಜಾಸ್ತಿ ಅಷ್ಟೇ, ಹಾಗಾಗಿ ಕೆಳಗಿನವನು ದೂರದಲ್ಲಿದ್ದರೆ ಮೇಲಿನವನಿಗೆ ಹಬ್ಬ, ಕೆಳಗಿನವನು ಹತ್ತಿರ ಬಂದು, ಸರಿಯಾಗಿ ಒಂದೇ ಸೆಂಟು ಕೆಳಗೆ ಬಂದು ಕೂತರೆ ಮೇಲಿನವನು ಕೂಗಿದ್ದನ್ನೆಲ್ಲ ಪೂರ್ತಿ ಕಕ್ಕಬೇಕು, ಇತ್ತ ಕೂತವನಿಗೆ ಅಷ್ಟು ಖರ್ಚಿಲ್ಲ, ಇವನ ಕೆಳಗಿನ ಮೂರನೆಯವನು ಎಲ್ಲೋ ಪಾತಾಳದಲ್ಲಿರುತ್ತಾನೆ. ಹರ್ಕ ಕೂತದ್ದು ಅಲ್ಲಿ. ನಿರಾಜ ಏರಿಸಿದರೆ ಏರಿಸಿದ, ಇಳಿಸಿದರೆ ಇಳಿಸಿದ, ಒಂದು ಸೆಂಟಿನ ಅಂತರ ಬಿಟ್ಟುಕೊಡಲಿಲ್ಲ. ಮೊದಲನೆಯವನಾಗುವ ಆಸೆ ಅವನಿಗೆ ಇರಲೇ ಇಲ್ಲ ಎಂದರೆ ಸುಳ್ಳು, ಇತ್ತು, ಆದರೆ ಮೊದಲನೆಯವನು ರಕ್ತ ಕಾರುವುದನ್ನು ಎರಡನೆಯ ಜಾಗದಲ್ಲಿ ಕೂತು ನೋಡುವ ಸುಖದ ಮುಂದೆ ಅದು ಸಪ್ಪೆ.

ಮೇಲೆ ತುಲಾಧರ ದಾಯಿ ಆಗಲೇ ಬಂದು ಕಿಟಕಿಯ ಪಕ್ಕದ ಮೇಜು ಹಿಡಿದಿದ್ದ, ಪುಸ್ತಕದಂಗಡಿಯ ಮನೆತನದವನು, ಈಗ ವೆಬ್‌ಸೈಟಿನಲ್ಲಿ ಚಾರಣದ ನಕ್ಷೆಗಳನ್ನು ಮಾರುತ್ತಾನೆ, ಥಮೇಲಿನ ವೆಬ್‌ಮಾಸ್ಟರುಗಳಿಗೆಲ್ಲ ಹಿರಿಯ, ಎಲ್ಲರಿಗೂ ದಾಯಿ, ಅಣ್ಣ, ಪಕ್ಕದಲ್ಲಿ ರಾಫ್ಟಿಂಗ್ ಕಂಪನಿಯ ಬುದ್ಧಿ ತಾಮಾಂಗ್, ನದಿಯ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟವನು, ಮೆಲ್ಲಗೆ ಮಾತಾಡಲು ಬಾರದು. ಬನ್ನಿ ಬನ್ನಿ, ಒಬ್ಬನ ಹಿಂದೆ ಒಬ್ಬ, ಮದುಮಗ ಮತ್ತೆ ಕೊಡೆ ಹಿಡಿಯೋನು ಬಂದ ಹಾಗೆ ಬರ್ತೀರಲ್ಲೋ, ಎಂದ ತುಲಾಧರ ದಾಯಿ, ನಿರಾಜ ನಕ್ಕ, ಹರ್ಕನಿಗೆ ನಗು ಬರಲಿಲ್ಲ, ಕೊಡೆ ಹಿಡಿಯುವವನು ಯಾರು ಎಂದು ಎಲ್ಲರಿಗೂ ಗೊತ್ತು. ಭದೌ ತಿಂಗಳ ಮಳೆ ತಗಡಿನ ಮೇಲೆ, ಕರೆಂಟಿಲ್ಲ, ಎಲ್ಲೋ ಜನರೇಟರ್ ಗುಡುಗುತ್ತಿದೆ, ಮಳೆ ನಿಂತು ದಸೈಂ ಹಬ್ಬ ಬರುವ ಹೊತ್ತಿಗೆ ಹೊರದೇಶದ ಅತಿಥಿಗಳು ಬರಬೇಕು, ಬರುತ್ತಾರೋ ಇಲ್ಲವೋ, ಬಂಡುಕೋರರ ಕಾಳಗ, ದಾರಿಯುದ್ದಕ್ಕೂ ಸೈನ್ಯದ ಚೌಕಿ, ಪೇಪರಿನ ತುಂಬ ಗುಂಡು, ಮೊದಲು ಸಾವಿರ ಜನ ಬರುತ್ತಿದ್ದಲ್ಲಿ ಈಗ ನೂರು, ಆ ನೂರಕ್ಕೆ ಇಡೀ ಥಮೇಲು ಬಾಯಿ ಬಿಟ್ಟುಕೊಂಡು ಕೂತಿದೆ. ಹೋದ ವಾರ ಪೆಂಬಾ ಸಾಹುಜಿ ಮೇಜಿನ ಮೇಲೆ ಅಂಗೈ ಊರಿ ಹೇಳಿದ್ದು ಕಿವಿಯಲ್ಲೇ ಇದೆ — ಭಾಯಿ, ನನಗೆ ಬೆಟ್ಟ ಗೊತ್ತು, ಈ ಕಂಪ್ಯೂಟರ್ ಗೊತ್ತಿಲ್ಲ, ಅತಿಥಿಗಳು ಈಗ ಯಾವುದೋ ಹೊಸ ಸರ್ಚಿಗೆ ಹೋಗ್ತಿದ್ದಾರಂತೆ, ಅಲ್ಲೂ ಜಾಹೀರಾತು ಶುರುವಾಗಿದೆಯಂತೆ, ನಮಗೆ ಬರೋ ಪತ್ರ ನಿಂತೇಹೋಗಿದೆ, ನೀವೆಲ್ಲ ಸೇರ್ತೀರಲ್ಲ, ಅದು ಒಳ್ಳೇದೋ ಕೆಟ್ಟದ್ದೋ ತಿಳ್ಕೊಂಡು ಬಾ, ಈ ಸಲ ಸೀಸನ್ ಹೋದ್ರೆ ನಾನು ಬೇರೆ ದಾರಿ ನೋಡ್ಬೇಕಾಗುತ್ತೆ. ಬೇರೆ ದಾರಿ. ಬೇರೆ ದಾರಿ ಎಂದರೇನು ಎಂದು ಹರ್ಕ ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ, ಅದರ ಹಿಂದಿನ ಶನಿವಾರ ಜಿಲೇಬಿ ಅಂಗಡಿಯ ಒಳಮೇಜಿನಲ್ಲಿ ಸಾಹುಜಿಯ ಎದುರು ಒಂದು ಹೆಡತಲೆ ಕೂತಿರುವುದನ್ನು ಅವನು ಬೀದಿಯಿಂದಲೇ ನೋಡಿದ್ದ, ಸಾಹುಜಿ ನಗುತ್ತಿದ್ದ, ತುದಿಯಿಲ್ಲದ ಆ ಹೆಬ್ಬೆರಳನ್ನು, ಯಾವುದೋ ಶಿಖರದಲ್ಲಿ ಹಿಮ ತಿಂದುಹಾಕಿದ್ದನ್ನು, ಎತ್ತಿ ತೋರಿಸುತ್ತ ಕಥೆ ಹೇಳುತ್ತಿದ್ದ, ಮೂರು ವರ್ಷ ಅವನ ಅನ್ನ ತಿಂದ ನನಗೆ ಆ ಬೆರಳಿನ ಕಥೆ ಒಮ್ಮೆಯೂ ಹೇಳಿಲ್ಲ.

ನೋಡ್ರಪ್ಪ, ವಿಷಯ ಇಷ್ಟೇ, ಎಂದ ತುಲಾಧರ ದಾಯಿ, ಹಳೇದರಲ್ಲಿ ಎಲ್ಲರ ಚಡ್ಡಿ ಬಣ್ಣ ಎಲ್ಲರಿಗೂ ಕಾಣ್ತಿತ್ತು, ಹೊಸದರಲ್ಲಿ ಎಲ್ಲರೂ ಪ್ಯಾಂಟು ಹಾಕ್ಕೋಬೇಕು. ಯಾರು ಎಷ್ಟು ಕೂಗಿದ್ರು ಅಂತ ಕಾಣಲ್ಲ. ಇನ್ನೊಂದು, ಬರೀ ಹೆಚ್ಚು ಕೂಗಿದೋನು ಮೇಲೆ ಹೋಗಲ್ಲ, ಯಾರ ಸಾಲನ್ನ ಜನ ಇಷ್ಟಪಟ್ಟು ಒತ್ತುತಾರೋ ಅವನು ಕಡಿಮೆ ಕೊಟ್ರೂ ಮೇಲೆ ಹೋಗ್ತಾನೆ. ಹೊಗೆಯಾಡುವ ಮೊಮೊ ಬಂತು, ಖಾರದ ಅಚಾರು ಬಂತು, ಬುದ್ಧಿ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಸುಟ್ಟುಕೊಂಡು, ಅಲ್ಲ ದಾಯಿ, ಪಕ್ಕದೋನು ಎಷ್ಟು ಕೂಗ್ತಿದಾನೆ ಅಂತ ಗೊತ್ತಾಗ್ದೆ ನಾನೆಷ್ಟು ಕೂಗ್ಲಿ, ಕಣ್ಣು ಕಟ್ಟಿ ಕುರಿ ಸಂತೆಗೆ ಬಿಟ್ಟ ಹಾಗಾಗಲ್ವಾ, ಎಂದ. ಸರಿಯಾಗಿ ಹೇಳಿದ ಬುದ್ಧಿ, ಮೊದಲ ಬಾರಿಗೆ ಹೆಸರಿಗೆ ತಕ್ಕ ಮಾತು, ಎಂದುಕೊಂಡ ಹರ್ಕ, ಆದರೆ ಹೊಟ್ಟೆಯಲ್ಲಿ ಕಿಚ್ಚಿಟ್ಟದ್ದು ಎರಡನೆಯ ಮಾತು, ಜನ ಇಷ್ಟಪಟ್ಟ ಸಾಲು. ಸಾಲು ಬರೆಯುವುದರಲ್ಲಿ ನಿರಾಜನನ್ನು ಮೀರಿಸುವವರಿಲ್ಲ. ಬೆಟ್ಟಕ್ಕೆ ಅವಸರವಿಲ್ಲ, ನಿಮಗೂ ಬೇಡ — ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾನೆ ನಿರಾಜ, ಅಷ್ಟೇ, ಬೆಲೆ ಇಲ್ಲ, ರಿಯಾಯಿತಿ ಇಲ್ಲ, ಓದಿದ ತಕ್ಷಣ ಹರ್ಕನಿಗೇ ಅಲ್ಲಿಗೆ ಹೋಗಬೇಕೆನಿಸಿತ್ತು, ತಾನು ಹುಟ್ಟಿದ್ದೇ ಬೆಟ್ಟದ ಮೇಲೆ ಎಂಬುದು ಮರೆತುಹೋಗಿ. ತನ್ನದು ಏನು, ಅತ್ಯುತ್ತಮ ಅತ್ಯಗ್ಗದ ಎವರೆಸ್ಟ್ ಚಾರಣ ಇಂದೇ ಬುಕ್ ಮಾಡಿ. ಬರೆಯುವ ದಿನ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಬರೆದದ್ದು.

ಮೋಸ ಅದು, ಎಂದ ಹರ್ಕ, ದನಿ ಬೇಕಾದದ್ದಕ್ಕಿಂತ ಎತ್ತರಕ್ಕೆ ಹೋಯಿತು, ತಕ್ಕಡಿಗೆ ಬಟ್ಟೆ ಮುಚ್ಚಿ ತೂಗ್ತೀನಿ ಅನ್ನೋ ಅಂಗಡಿಯವನ ಹತ್ರ ಯಾರಾದ್ರೂ ಅಕ್ಕಿ ತಗೋತಾರಾ, ಅವನು ಹೇಳಿದ್ದೇ ತೂಕ, ಅವನು ಕೇಳಿದ್ದೇ ದುಡ್ಡು, ನಾಳೆ ನಿನಗೆ ನೂರು ಜನ ಒತ್ತಿದ್ರು ಅಂತಾನೆ, ಒತ್ತಿದ್ದು ಯಾರು, ಭೂತವಾ. ಹಳೇದರಲ್ಲಿ ಎಲ್ಲ ಕಣ್ಣೆದುರಿಗಿದೆ, ನಾನಂತೂ ಹೋಗಲ್ಲ, ಯಾರೂ ಹೋಗಬಾರದು, ನಾವೆಲ್ಲ ಒಟ್ಟಿಗೆ ಹೋಗದೆ ನಿಂತರೆ ಅವರೇ ಬಟ್ಟೆ ತೆಗೀತಾರೆ. ಬುದ್ಧಿ ತಲೆಯಾಡಿಸಿದ, ತುಲಾಧರ ದಾಯಿ ಗಡ್ಡ ಕೆರೆದುಕೊಂಡ, ಒಂದು ಕ್ಷಣ, ಒಂದೇ ಒಂದು ಕ್ಷಣ, ಮೇಜು ತನ್ನ ಕಡೆ ವಾಲಿತು ಎನಿಸಿತು ಹರ್ಕನಿಗೆ, ಆಗ ನಿರಾಜ ನೀರಿನ ಲೋಟ ಪಕ್ಕಕ್ಕಿಟ್ಟು, ದನಿ ಏರಿಸದೆ, ಅವನು ಏರಿಸುವುದೇ ಇಲ್ಲ, ಏರಿಸಬೇಕಾಗಿ ಬಂದದ್ದೇ ಇಲ್ಲ ಜನ್ಮದಲ್ಲಿ, ಹೇಳಿದ, ನಿನಗೆ ಒಬ್ಬ ಅತಿಥಿ ಬಂದ್ರೆ ಎಷ್ಟು ಉಳಿಯುತ್ತೆ ಅಂತ ನಿನಗೆ ಗೊತ್ತಿದ್ರೆ ಸಾಕಲ್ಲ ಹರ್ಕ, ಅಷ್ಟರೊಳಗೆ ಕೂಗು, ಪಕ್ಕದವನದು ಯಾಕೆ ಬೇಕು. ಬುದ್ಧಿ ಅದಕ್ಕೂ ತಲೆಯಾಡಿಸಿದ, ಕತ್ತೆ. ಪಕ್ಕದವನದು ಯಾಕೆ ಬೇಕಂತೆ. ಹೊಟ್ಟೆ ತುಂಬಿದವನು ಹೇಳುವ ಮಾತು, ಅಪ್ಪನ ಮೂರಂತಸ್ತಿನ ಮನೆಯ ಮಾಳಿಗೆಯಲ್ಲಿ ಮಲಗಿ ಎದ್ದು ಬಂದವನು ಹೇಳುವ ಮಾತು, ನನಗೆ ನಡೆಯಲು ಬಂದದ್ದೇ ಮುಂದಿನವನ ಹಿಮ್ಮಡಿ ನೋಡಿಕೊಂಡು, ಉಪ್ಪಿನ ದಾರಿಯಲ್ಲಿ ಕತ್ತೆತ್ತಿದರೆ ಬಿದ್ದು ಸಾಯುತ್ತಿದ್ದೆ, ಮುಂದಿನವನು ಕಾಲಿಟ್ಟಲ್ಲಿ ಕಾಲಿಡು ಎಂದೇ ಕಲಿಸಿದರು.

ಹರ್ಕ ಭಾಯಿ, ನಿನ್ನ ತೊಂದರೆ ತಕ್ಕಡಿದಲ್ಲ ಬಿಡು, ಎಂದ ತುಲಾಧರ ದಾಯಿ, ನಿರಾಜನ ತಟ್ಟೇಲಿ ಎಷ್ಟು ಮೊಮೊ ಇದೆ ಅಂತ ಎಣಿಸ್ದೆ ಇದ್ರೆ ನಿನಗೆ ನಿನ್ನದು ರುಚಿ ಹತ್ತಲ್ಲ. ಬುದ್ಧಿ ಮೇಜು ಬಡಿದು ನಕ್ಕ, ದಾಯಿಯೂ ನಕ್ಕ, ಬಾಗಿಲಲ್ಲಿ ನಿಂತ ಸಾನುಮಾಯಾ ದಿದಿಯೂ ಸೆರಗು ಬಾಯಿಗಿಟ್ಟುಕೊಂಡಳು, ಎಲ್ಲರ ತಟ್ಟೆಗೂ ಸಮ ಹಾಕಿದೀನಪ್ಪ, ನನ್ನ ಮೇಲೆ ತರಬೇಡಿ ಎಂದಳು. ಸಮ ಇರಲಿಲ್ಲ. ಹರ್ಕ ಎಣಿಸಿದ್ದ. ನಿರಾಜನಿಗೆ ಒಂದು ಜಾಸ್ತಿ ಇತ್ತು.

ಆಗ, ಈ ಕೆಲಸಗಳಿಗೂ ಮುಂಚೆ, ಜ್ಯಾಠಾ ಬೀದಿಯ ಸೈಬರ್ ಕೆಫೆಯಲ್ಲಿ ನಿರಾಜನೂ ನಾನೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಅಂಡು ಊರಿ ಕೂರುತ್ತಿದ್ದೆವು, ಗಂಟೆಗೆ ಇಷ್ಟು ಎಂದು ದುಡ್ಡು, ಅವನ ದುಡ್ಡು, ನನ್ನ ಬೆರಳು, ನಾನು ಅಲ್ಲಿ ಕೀಬೋರ್ಡ್ ಒರೆಸುವ ಕೆಲಸಕ್ಕಿದ್ದೆ, ಒರೆಸುತ್ತ ಒರೆಸುತ್ತ ವೆಬ್ ಪುಟ ಕಟ್ಟುವುದು ಕಲಿತಿದ್ದೆ, ಕಾಲೇಜಿನ ಬ್ಯಾಗು ಹಾಕಿಕೊಂಡು ಬಂದ ಜೋಶಿಗಳ ಹುಡುಗನಿಗೆ, ಈ ನಿರಾಜನಿಗೆ, ಪುಟ ಕಟ್ಟುವುದು ಕಲಿಸಿದವನು ನಾನು, ಯಾರನ್ನು ಬೇಕಾದರೂ ಕೇಳಿ, ಅವನು ನನಗೆ ಇಂಗ್ಲಿಷ್ ಪದ ಹೇಳಿಕೊಟ್ಟ, ನಾನು ಅವನಿಗೆ ಕಾಲಂ ಕೂರಿಸುವುದು ಹೇಳಿಕೊಟ್ಟೆ, ಇಬ್ಬರೂ ಸೇರಿ ಒಂದು ಅಂಗಡಿ ತೆಗೆಯೋಣ ಎಂದಿದ್ದ, ಬೋರ್ಡಿಗೆ ಹೆಸರೂ ಬರೆದಾಗಿತ್ತು, ಆಮೇಲೆ ಸೇತೋಬಾಟೋದವರು ಕೆಲಸಕ್ಕೆ ಕರೆದರು, ಇಬ್ಬರನ್ನೂ ಕರೆದಿದ್ದರು, ಒಳಗೆ ಹೋದದ್ದು ಒಟ್ಟಿಗೆ, ಅವರು ಇಂಗ್ಲಿಷಿನಲ್ಲಿ ಏನೋ ಕೇಳಿದರು, ಅವನು ನನ್ನ ಕಡೆ ತಿರುಗಲಿಲ್ಲ, ಪಕ್ಕದಲ್ಲೇ ಕೂತ ನನಗೆ ಅವನ ಕಿವಿ, ಕಿವಿಯ ಹಿಂದಿನ ಮಚ್ಚೆ, ಹೆಡತಲೆ, ಅಷ್ಟೇ ಕಂಡಿತು, ಅವನು ಉತ್ತರ ಹೇಳುತ್ತಲೇ ಇದ್ದ, ಕೆಲಸ ಅವನಿಗಾಯಿತು. ಆ ದಿನ ಒಮ್ಮೆ ತಿರುಗಿ ನೋಡಿದ್ದರೆ. ಇಲ್ಲ, ತಿರುಗಿ ನೋಡಿದ್ದರೂ ಇದೇ ಆಗುತ್ತಿತ್ತು, ನೋಡಿದ್ದ ಎಂಬ ಉಪಕಾರ ಬೇರೆ ಹೊರಬೇಕಾಗುತ್ತಿತ್ತು.

ಸರಿ, ನಾನಂತೂ ಹೊಸದರಲ್ಲಿ ಒಂದು ತಿಂಗಳು ಹಾಕಿ ನೋಡ್ತೀನಿ, ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ, ನಮ್ಮದೇನು ಅಡಿಕೆಯಷ್ಟೂ ಮಾನ ಉಳಿದಿಲ್ಲ, ಎಂದು ತುಲಾಧರ ದಾಯಿ ಎದ್ದ, ಬುದ್ಧಿಯೂ ಎದ್ದ, ದಾಯಿ ಹೋದ ಕಡೆ ನಾನು ಎಂದ, ಅಲ್ಲಿಗೆ ಸಭೆ ಮುಗಿಯಿತು, ಹರ್ಕನ ಮಾತು ಅಚಾರಿನ ಬಟ್ಟಲಲ್ಲಿ ಉಳಿದ ಎಣ್ಣೆಯ ಹಾಗೆ ಮೇಜಿನ ಮೇಲೆ ಉಳಿಯಿತು. ಕೈ ತೊಳೆಯುವ ನಲ್ಲಿಯ ಹತ್ತಿರ ನಿರಾಜ ನಿಂತಿದ್ದ, ಬೆನ್ನು ಮಾಡಿಕೊಂಡು, ತಿರುಗದೆಯೇ ಮಾತಾಡಿದ, ಹರ್ಕ, ಒಂದು ಮಾತು, ಬೇಜಾರ್ ಮಾಡ್ಕೋಬೇಡ, ಸಂಜೆ ಒಳಗೆ ಹಳೇದರಲ್ಲಿ ನಿನ್ನ ಅಂಕಿ ಇಳಿಸಿಬಿಡು. ಹರ್ಕನ ಎದೆ ಹಾರಿತು, ಹಿಗ್ಗಿಗೆ, ಕೊನೆಗೂ ಬಾಯಿಬಿಟ್ಟ, ಕೊನೆಗೂ ನೋವಾಯಿತು, ಎರಡು ವರ್ಷಕ್ಕೆ ಒಂದು ಮಾತು ಹೊರಟಿತು ಆ ಗಂಟಲಿಂದ, ಯಾಕೆ, ಉರೀತಿದೆಯಾ, ಎಂದ. ನನಗಲ್ಲ, ಎಂದ ನಿರಾಜ, ಸೇತೋಬಾಟೋ ಈಗ ಪೆಂಬಾ ದಾಯಿದು. ಚೈತ್ರದಲ್ಲೇ ತಗೊಂಡ್ರು, ಅವರ ಹೆಂಡತಿ, ಭಾವುಜು ಹೆಸರಲ್ಲಿ, ದಸೈಂ ಪೂಜೆ ತನಕ ಯಾರಿಗೂ ಹೇಳಬೇಡ ಅಂದಿದ್ರು. ಎರಡು ಕಂಪನಿಗೂ ಒಂದೇ ಕ್ರೆಡಿಟ್ ಕಾರ್ಡು, ಹಾಂಗ್‌ಕಾಂಗಿನ ಅವರ ಭಾವನದು, ಬಿಲ್ಲು ಒಟ್ಟಿಗೇ ಬರುತ್ತೆ. ಭಾವ ಮೊನ್ನೆ ಫೋನ್ ಮಾಡಿ ಕೂಗಾಡಿದರಂತೆ, ಆವಾಗ ತೆಗೆದು ನೋಡ್ದೆ, ನೀನು ನನ್ನ ಕೆಳಗೆ ಕೂತಿದ್ದೆ. ನಲ್ಲಿ ನಿಲ್ಲಿಸಿದ. ನಿಜ ಹೇಳ್ಬೇಕು ಅಂದ್ರೆ ಚೈತ್ರದಿಂದ ಆ ಪುಟ ನಾನು ನೋಡೇ ಇರ್ಲಿಲ್ಲ ಕಣೋ, ಒಂದು ಅಂಕಿ ಹಾಕಿ ಬಿಟ್ಟಿದ್ದೆ. ದಾಯಿ ಕೇಳಿದ್ರೆ ಸೀಸನ್ ರೇಟು ಏರಿದೆ ಅಂತ ನಾನು ಹೇಳ್ತೀನಿ, ನೀನು ಸುಮ್ನಿರು.

ನೋಡೇ ಇರಲಿಲ್ಲ. ಸಾಹುಜಿಯ ದುಡ್ಡು ಸುಟ್ಟದ್ದು ಮೊದಲು ತಲೆಗೆ ಹತ್ತಬೇಕಿತ್ತು, ಹತ್ತಲಿಲ್ಲ, ಹತ್ತಿದ್ದು ಇದು, ನೋಡೇ ಇರಲಿಲ್ಲ, ಚೈತ್ರ, ಬೈಸಾಖ, ಜೇಠ, ಆಷಾಢ, ಸಾವನ್, ದಿನ ಬೆಳಗಾದರೆ ಬೀಗ ತೆಗೆದು ಓಡಿಬಂದು ಅಂಕಿ ಕದಲಿಲ್ಲ ಎಂದು ಕಂಡು ಎಷ್ಟು ಕೊಬ್ಬು ನೋಡು, ರಕ್ತ ಸುರಿದರೂ ಹುಬ್ಬು ಅಲ್ಲಾಡಿಸುವುದಿಲ್ಲ ಎಂದು ಹಲ್ಲು ಕಡಿದದ್ದು, ಒಮ್ಮೆ ಜ್ವರ ನೂರಾಮೂರು ಇದ್ದಾಗಲೂ ಕಂಬಳಿ ಹೊದ್ದು ಬಂದು ನೋಡಿ ಹೋದದ್ದು, ಅಲ್ಲಿ ಯಾರೂ ಇರಲಿಲ್ಲ, ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿ ಮನೆಗೆ ಹೋಗಿ ಮಲಗಿದ್ದ ಅವನು, ನಾನು ಅದರೊಂದಿಗೆ ಕುಸ್ತಿ ಹಿಡಿದಿದ್ದೆ. ಮತ್ತು ದಾಯಿ. ಪೆಂಬಾ ದಾಯಿ ಅನ್ನುತ್ತಾನೆ. ಮೂರು ವರ್ಷದಿಂದ ನಾನು ಸಾಹುಜಿ ಸಾಹುಜಿ ಎಂದು ಬೆನ್ನು ಬಗ್ಗಿಸಿದವನು, ಚೈತ್ರದಲ್ಲಿ ಬಂದ ಇವನಿಗೆ ಅಣ್ಣನಾದ, ಅವನ ಹೆಂಡತಿ ಭಾವುಜು, ಅತ್ತಿಗೆ ಆದಳು, ಹಾಂಗ್‌ಕಾಂಗಿನ ಭಾವ ಬೈದದ್ದೂ ಇವನ ಕಿವಿಗೆ ಮೊದಲು ಬಿತ್ತು, ನನ್ನ ಮೇಜಿನ ಪಕ್ಕದ ಕೋಣೆಯಲ್ಲೇ ಫೋನು ಇರುವುದು, ನನಗೆ ಮಾತ್ರ ಹೇಳಲಿಲ್ಲ. ಈಗ ಇವನು ನನ್ನನ್ನು ಕಾಪಾಡುತ್ತಾನಂತೆ. ಸುಮ್ಮನಿರಬೇಕಂತೆ ನಾನು. ಕೊಡೆ ಅವನೇ ಹಿಡಿಯುತ್ತಾನಂತೆ.

ಮೆಟ್ಟಿಲು ಇಳಿಯುವಾಗಲೂ ಅವನೇ ಮುಂದೆ. ಗಲ್ಲಿಯಲ್ಲಿ ನೀರು ಪಾದ ಮುಳುಗುವಷ್ಟು, ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಟ್ಟು ಹೋಗಬೇಕು, ನಿರಾಜ ಇಟ್ಟ ಇಟ್ಟಿಗೆಯ ಮೇಲೆ ಹರ್ಕ ಇಡುತ್ತಾನೆ, ರಿಕ್ಷಾದವನು ಬೆಲ್ಲು ಹೊಡೆದ, ಪಶ್ಮಿನಾ ಅಂಗಡಿಯವನು ಹೊರಗೆ ನಿಂತು ಮಳೆಗೆ ಕೈಯೊಡ್ಡಿದ್ದಾನೆ, ಒಬ್ಬ ಅತಿಥಿಯೂ ಇಲ್ಲದ ಬೀದಿ, ಸಾಹುಜಿಯ ಆಫೀಸು ಇಲ್ಲೇ, ಈ ತಿರುವು ದಾಟಿದರೆ, ಇವನೂ ಅಲ್ಲಿಗೇ, ಮುಂದೆ ಹೋಗು, ಎಂದುಕೊಂಡ, ದಾಟಿ ಹೋಗು, ನೀರಿಗೆ ಕಾಲಿಟ್ಟರೆ ಎರಡು ಹೆಜ್ಜೆಗೆ ಇವನನ್ನು ದಾಟಬಹುದು, ಮೊದಲು ಒಳಗೆ ಹೋದವನ ಮಾತು ಮೊದಲು, ಹೋಗಿ ಸಾಹುಜಿಯ ಕಾಲು ಹಿಡಿ, ಅಥವಾ ಹಿಡಿಯಬೇಡ, ಇವನೇ ಅಂಕಿ ಏರಿಸಿಟ್ಟ ಎಂದು ಹೇಳು, ಸುಳ್ಳೂ ಅಲ್ಲ, ಯಾರಿಗೆ ಗೊತ್ತಾಗುತ್ತದೆ, ಬೂಟು ನೆನೆದರೆ ನೆನೆಯಲಿ — ಕಾಲು ಮುಂದಿನ ಇಟ್ಟಿಗೆ ಖಾಲಿಯಾಗುವುದನ್ನೇ ಕಾಯಿತು. ಖಾಲಿಯಾದ ಮೇಲೆ ಇಟ್ಟಿತು. ಮಳೆಗೆ ಪೌಡರಿನ ಗೆರೆ ಕರಗಿ ಹೆಡತಲೆಯ ತಗ್ಗಿನಲ್ಲಿ ಹಾಲಿನ ಹಾಗೆ ಇಳಿದು ಕಾಲರಿನೊಳಗೆ ಹೋಯಿತು.

ಬಂದ್ರಾ ಇಬ್ಬರೂ, ಒಟ್ಟಿಗೆ ಬಂದಿರಿ, ಒಳ್ಳೇದಾಯ್ತು, ಎಂದ ಪೆಂಬಾ ಸಾಹುಜಿ, ಥರ್ಮಾಸಿನಿಂದ ಉಪ್ಪಿನ ಚಹಾ ಬಗ್ಗಿಸುತ್ತ, ಕೂರಿ, ಏನು ತೀರ್ಮಾನ. ಹೊಸದಕ್ಕೆ ಹೋಗೋಣ ದಾಯಿ, ಎಂದ ನಿರಾಜ, ತುಲಾಧರ ದಾಯಿನೂ ಹೋಗ್ತಿದ್ದಾರೆ. ಅದು ಸರಿ, ಎಂದ ಸಾಹುಜಿ, ಬಿಲ್ಲು ಯಾಕೆ ಹೀಗೆ ಬರ್ತಿದೆ, ಭಾವ ಕಾರ್ಡು ಮುರಿದು ಬಾಗ್ಮತಿ ನದಿಗೆ ಎಸೀತೀನಿ ಅಂತಾನೆ, ಅವನಿರೋದು ಹಾಂಗ್‌ಕಾಂಗಲ್ಲಿ, ಬಾಗ್ಮತಿಗೆ ಹೇಗೆ ಎಸೀತಾನೋ. ಸೀಸನ್ ಹತ್ರ ಬಂತಲ್ಲ ದಾಯಿ, ರೇಟು ಏರುತ್ತೆ, ಎಂದ ನಿರಾಜ, ಸಲೀಸಾಗಿ, ನೀರು ಕುಡಿದಷ್ಟು ಸಲೀಸಾಗಿ, ಹರ್ಕನ ಕಡೆ ನೋಡಲೂ ಇಲ್ಲ, ಅಷ್ಟು ದೊಡ್ಡ ಮನಸ್ಸು, ನೋಡದೆಯೇ ದಾನ, ಹರ್ಕನ ಕಿವಿಯಲ್ಲಿ ಜನರೇಟರ್ ಗುಡುಗಿತು, ಇಲ್ಲ, ಇದನ್ನೂ ಇವನಿಗೆ ಬಿಡಲಾರೆ, ಒಳ್ಳೆಯವನಾಗುವ ಜಾಗವನ್ನೂ ಇವನೇ ಹಿಡಿದರೆ ನನಗೆ ಉಳಿಯುವುದೇನು, ರೇಟು ಏರಿಲ್ಲ ಸಾಹುಜಿ, ಎಂದ, ದನಿ ತನ್ನದಲ್ಲ ಎನಿಸಿತು, ನಾನೇ ಮಾಡಿದ್ದು. ದಿನಾ ಬೆಳಿಗ್ಗೆ ಇವನ ಅಂಕಿ ನೋಡಿ ಒಂದು ಸೆಂಟು ಕೆಳಗೆ ನಮ್ಮದು ಹಾಕ್ತಿದ್ದೆ, ಇವನು ಪೂರ್ತಿ ಕಕ್ಕಲಿ ಅಂತ. ಅದು ನಿಮ್ಮದೇ ಅಂಗಡಿ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ, ಎಂದು ನಿಲ್ಲಿಸಿದ, ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎನ್ನಲು ಬಾಯಿ ಬರಲಿಲ್ಲ, ಬಹುಶಃ ಮಾಡುತ್ತಿದ್ದೆ. ನಿರಾಜ ಈಗ ತಿರುಗಿ ನೋಡಿದ. ಮುಖ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು, ಅಷ್ಟೇ, ಅದು ಯಾರ ಮುಖವಾದರೂ ಆಗಬಹುದಿತ್ತು.

ಸಾಹುಜಿ ಚಹಾ ಊದಿ ಒಂದು ಗುಟುಕು ಕುಡಿದ. ಅಂದ್ರೆ ತೂಗುಸೇತುವೆ ಮೇಲೆ ನನ್ನವೇ ಎರಡು ಕತ್ತೆ ಒಂದಕ್ಕೊಂದು ಗುದ್ದಿಕೊಂಡವು, ಹೊರೆ ನದಿಗೆ ಬಿತ್ತು, ಎಂದ. ಒಂದು ಕತ್ತೆಗೆ ಇನ್ನೊಂದರ ವಿಷಯ ಹೇಳ್ದೆ ಸೇತುವೆಗೆ ಬಿಟ್ಟೋನು ನಾನು, ಆ ತಪ್ಪು ನಂದು ಅಂತ ಇಟ್ಕೋ. ಬೈಯಲಿಲ್ಲ. ಬೈದಿದ್ದರೆ ಹರ್ಕ ಬದುಕಿಕೊಳ್ಳುತ್ತಿದ್ದ. ಆದ್ರೆ ಇನ್ನು ಎರಡು ಕಂಪನಿಗೂ ಒಬ್ಬ ಸಾಕು ಭಾಯಿ, ನನಗೂ ಇಬ್ಬರನ್ನ ಸಾಕೋ ಶಕ್ತಿ ಇಲ್ಲ ಈ ವರ್ಷ. ಹೊಸ ಅಂಗಡೀಲಿ ಒಬ್ಬರದು ಒಬ್ಬರಿಗೆ ಕಾಣಲ್ಲ ಅಂದ್ರಲ್ಲ, ಹಾಗಾದ್ರೆ ನೀವೂ ಹಾಗೇ ಮಾಡಿ. ಹಳೆಯ ಚಾರಣ ಪರ್ಮಿಟ್ಟೊಂದನ್ನು ಹರಿದು ಹಿಂಬದಿ ಖಾಲಿಯಿದ್ದ ಎರಡು ಚೀಟಿ ಮಾಡಿದ, ತುದಿಯಿಲ್ಲದ ಹೆಬ್ಬೆರಳಿನಿಂದ ಒಂದೊಂದನ್ನು ಮುಂದಕ್ಕೆ ತಳ್ಳಿದ. ಯಾರೋ ಒಬ್ಬ ದೂರದೇಶದಲ್ಲಿ ಕೂತು ನಮ್ಮ ಬಾಗಿಲಿಗೆ ಬಂದು ಇಣುಕಿದ್ದಕ್ಕೆ ನಾನು ಹೆಚ್ಚು ಅಂದ್ರೆ ಎಷ್ಟು ಕೊಡಬಹುದು, ಯಾಕೆ ಅಷ್ಟು, ಬರೆದು ಮಡಚಿ ಕೊಡಿ. ಯಾರ ಲೆಕ್ಕ ನನಗೆ ಅರ್ಥ ಆಗುತ್ತೋ ಅವನು ಇರ್ತಾನೆ, ಓದಿದೋನು ಓದ್ದೇ ಇರೋನು ಅಂತ ನಾನು ನೋಡಲ್ಲ, ನಾನೇ ಓದಿಲ್ಲ. ನಿರಾಜ, ನೀನು ಕಿಟಕಿ ಹತ್ರ ಆ ಕಡೆ ಮುಖ ಮಾಡಿ ಕೂರು. ಹರ್ಕ, ನೀನು ಇಲ್ಲೇ ಕೂರು.

ಇಲ್ಲೇ ಎಂದರೆ ಹಿಂದೆ. ಪೆನ್ನು ಹಿಡಿದ ಹರ್ಕ, ಲೆಕ್ಕ ಗೊತ್ತಿಲ್ಲದವನೇನಲ್ಲ, ಇವರೆಲ್ಲರಿಗಿಂತ ಚೆನ್ನಾಗಿ ಗೊತ್ತು, ಚಾರಣ ಶುರುವಾಗುವ ಲುಕ್ಲಾಕ್ಕೆ ವಿಮಾನ ಎಷ್ಟು, ಹೊರೆ ಹೊರುವ ಭಾರಿಯಾ ಒಬ್ಬನಿಗೆ ದಿನಗೂಲಿ ಎಷ್ಟು, ಅದರಲ್ಲಿ ಅವನು ಮನೆಗೆ ಕಳಿಸುವುದೆಷ್ಟು ರಕ್ಸಿ ಸಾರಾಯಿಗೆ ಹೋಗುವುದೆಷ್ಟು, ಲಾಡ್ಜಿನವಳು ಕೋಣೆ ಬಿಟ್ಟಿಕೊಟ್ಟು ಊಟದಲ್ಲಿ ಹೇಗೆ ಕಿತ್ತುಕೊಳ್ಳುತ್ತಾಳೆ, ಎಲ್ಲ ಕಳೆದು ಸಾಹುಜಿಗೆ ಉಳಿಯುವುದು, ಇಣುಕಿದ ನೂರು ಜನರಲ್ಲಿ ಬರೆಯುವವರು ಇಷ್ಟು, ಬರೆದವರಲ್ಲಿ ಬರುವವರು ಇಷ್ಟು, ಭಾಗಿಸಿದರೆ ಬಂತು, ಬರುತ್ತದೆ, ಬರಬೇಕು, ಇದು ಉಪ್ಪಿನ ದಾರಿಯಲ್ಲಿ ನಡೆದವನ ಲೆಕ್ಕ, ಮಾಳಿಗೆಯಲ್ಲಿ ಮಲಗಿದವನದಲ್ಲ, ಬರಿ, ಎಂದುಕೊಂಡ, ಬರೆದುಬಿಡು, ಪೆನ್ನು ಕಾಗದ ಮುಟ್ಟಿತು, ಅವನೆಷ್ಟು ಬರೆಯುತ್ತಿದ್ದಾನೆ, ಅಲ್ಲ, ಅದು ಬೇಡ, ಭಾರಿಯಾಗೆ ದಿನಕ್ಕೆ, ಅವನು ಹೆಚ್ಚೇ ಬರೆಯುತ್ತಾನೆ, ಅವನಿಗೆ ಹೆದರಿಕೆ ಇಲ್ಲ, ಅಥವಾ ನಾನು ಹೆಚ್ಚು ಬರೆಯುತ್ತೇನೆ ಎಂದುಕೊಂಡು ಕಡಿಮೆ ಬರೆಯುತ್ತಾನೆ, ಲುಕ್ಲಾಕ್ಕೆ ವಿಮಾನ ಎಷ್ಟಿತ್ತು, ಈಗ ತಾನೆ ಗೊತ್ತಿತ್ತಲ್ಲ, ನೂರು ಜನ ಇಣುಕಿದರೆ, ಅವನ ಭುಜ ಕದಲಿತು, ಬಲಕ್ಕೆ, ಅಂದರೆ ಒಂದು ಅಂಕಿ ಮುಗಿಯಿತು, ದುಂಡಗಿನ ಅಂಕಿಯೋ ಉದ್ದನೆಯದೋ, ದುಂಡಗಿನದಾದರೆ ತಲೆ ಹೀಗೆ ಅಲ್ಲಾಡಬೇಕು, ಸಾಹುಜಿ ಆಯ್ತಾ ಭಾಯಿ ಎಂದ, ಹರ್ಕ ಹೂಂ ಎಂದ, ಚೀಟಿ ಬಿಳಿ ಇತ್ತು, ಕಣ್ಣು ಚೀಟಿಯ ಮೇಲಿರಲಿಲ್ಲ, ಕಿಟಕಿಯ ಬೆಳಕಿನಲ್ಲಿ ಒದ್ದೆ ಕಾಲರು, ನೇರ ಕತ್ತರಿಸಿದ ಕೂದಲು, ಮಚ್ಚೆ, ನಡುವಿನ ತಗ್ಗು, ಒಂದು ನರ ಉಬ್ಬಿ ಇಳಿಯುತ್ತಿದೆ, ಬರೆಯುತ್ತಿದ್ದಾನೆ, ನಿಲ್ಲಿಸಿದ, ಯೋಚಿಸುತ್ತಿದ್ದಾನೆ, ತಲೆ ಬಗ್ಗಿಸಿದ, ಒಂದೇ ಒಂದು ಅಂಕಿ ಕಂಡರೆ ಸಾಕು, ಕೊನೆಯದು ಕಂಡರೆ ಸಾಕು, ಹೆಡತಲೆ ಸ್ವಲ್ಪ ಬಾಗಿತು, ನಿಂತಿತು, ಮತ್ತೆ ಬಾಗಿತು, ಚೀಟಿ ಇನ್ನೂ ಬಿಳಿ, ಕಣ್ಣೆದುರು ಅದೇ ಹೆಡತಲೆ.